ಗಿರಣಿಗೆ ಕೊಡುವ ಮುಂಚೆ

ಹಿಟ್ಟಿನ ಗಿರಣಿಗೆ ಗೋಧಿ ಕಳಿಸುವ ಹಿಂದಿನ ದಿನ ನಮ್ಮ ಮನೆಯ ಜಗಲಿಗೆ ಒಂದು ಚಾಪೆ, ಒಂದು ಮೊರ ಮತ್ತು ಒಂದು ಕನ್ನಡಕ ಬರುತ್ತವೆ. ಕಲ್ಲು, ಕಡ್ಡಿ, ಹುಳು ಹಿಡಿದ ಕಾಳು ಇಷ್ಟನ್ನು ಆರಿಸಿ ತೆಗೆದು, ಒಂದು ಬಿಸಿಲು ತೋರಿಸಿ, ಡಬ್ಬಿಗೆ ತುಂಬಿದರೆ ಮನೆಯವರ ಕೆಲಸ ಮುಗಿಯಿತು. ಹೇಗೂ ಹಿಟ್ಟಾಗಬೇಕಾದದ್ದೇ ತಾನೆ ಎಂದು ಯಾರೂ ಅದನ್ನು ಒರಳಿಗೆ ಹಾಕಿ ಅರ್ಧ ಕುಟ್ಟಿ ಕಳಿಸುವುದಿಲ್ಲ. ಕಳಿಸಿದರೆ ಗಿರಣಿಯವನು ಮುಚ್ಚಳ ತೆಗೆದು ಒಮ್ಮೆ ಡಬ್ಬಿಯನ್ನೂ ಒಮ್ಮೆ ನಮ್ಮ ಮುಖವನ್ನೂ ನೋಡಿಯಾನು.

ಹಾಡಿನ ಮುದ್ರಣದಲ್ಲೂ ಕೊನೆಗೊಂದು ಗಿರಣಿ ಇದೆ. ಅದಕ್ಕೆ ಮಾಸ್ಟರಿಂಗ್ ಎನ್ನುತ್ತಾರೆ. ಹಾಡುವವರನ್ನೂ ಬಾರಿಸುವವರನ್ನೂ ಬೇರೆ ಬೇರೆ ಮೈಕುಗಳಲ್ಲಿ ಹಿಡಿಯುವುದು ರೆಕಾರ್ಡಿಂಗ್. ಹಾಗೆ ಹಿಡಿದದ್ದನ್ನು ಹದ ನೋಡಿ ಬೆರೆಸಿ, ಎಡ ಬಲ ಎಂದು ಎರಡೇ ದಾರಿಗೆ ಇಳಿಸುವುದು ಮಿಕ್ಸಿಂಗ್. ಆಮೇಲೆ ಆ ಹಾಡನ್ನು ಅದುವರೆಗೆ ಕೇಳಿರದ ಒಬ್ಬ ಮನುಷ್ಯ, ತನ್ನ ಕಿವಿಗೆ ಚೆನ್ನಾಗಿ ಗುರುತಿರುವ ಒಂದು ಕೋಣೆಯಲ್ಲಿ ಕುಳಿತು ಕೇಳಿ, ಎಲ್ಲಿ ಮಂದ ಎಲ್ಲಿ ಚೂಪು ಎಂದು ತಿದ್ದಿ, ಹದಿನೈದು ಹಾಡಿದ್ದರೆ ಹದಿನೈದೂ ಒಂದೇ ಪಂಕ್ತಿಯಲ್ಲಿ ಕುಳಿತ ಹಾಗೆ ಮಾಡಿ ಹೊರಗೆ ಬಿಡುತ್ತಾನೆ. ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಈ ಕೆಲಸ ಕಣ್ಣಿಗೇ ಕಾಣುತ್ತಿತ್ತು. ಮಂದ್ರದ ಸದ್ದು ಹೆಚ್ಚಾದರೆ ತಟ್ಟೆಯ ಮೇಲೆ ಕೊರೆಯುವ ಗೆರೆ ಅಗಲವಾಗಿ ಜಾಗ ಸಾಲದೆ ಹೋಗುತ್ತಿತ್ತು, ಮುಳ್ಳು ಗೆರೆ ಬಿಟ್ಟು ಹಾರುತ್ತಿತ್ತು. ಅದನ್ನು ಸರಿತೂಗಿಸಿ ಕೊರೆಯುವವನೇ ಮಾಸ್ಟರಿಂಗಿನವನು. ಈಗ ಮುಳ್ಳೂ ಇಲ್ಲ, ಗೆರೆಯೂ ಇಲ್ಲ. ಆದರೆ ಕೊನೆಯ ಕಿವಿ ಎಂಬುದೊಂದು ಬೇಕೇ ಬೇಕು. ಆ ಕಿವಿ ಎಷ್ಟೇ ಚುರುಕಾಗಿರಲಿ, ಮಿಕ್ಸಿಂಗಿನಲ್ಲಿ ಸತ್ತದ್ದನ್ನು ಬದುಕಿಸಲಾರದು.

ನನಗೆ ಈ ಗಿರಣಿಯ ದಾರಿ ಗೊತ್ತಾದದ್ದು ಮಾವನಿಂದ. ಸೋದರಮಾವ ಬಡಗುತಿಟ್ಟಿನ ಭಾಗವತರು. ಮೇಳದಲ್ಲಿ ತಿರುಗಾಟ ಮಾಡಿದ್ದು ಹಲವು ವರ್ಷ, ಆಮೇಲೆ ತಾಳಮದ್ದಳೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವನು, ಕ್ಯಾಸೆಟ್ಟಿನ ಕಾಲದಿಂದಲೂ ರೆಕಾರ್ಡ್ ಮಾಡುವ ಚಟದವನು. 2019ರ ಜನವರಿಯಲ್ಲಿ ಮೂರು ರಾತ್ರಿ ಅವರ ಮನೆಯ ಜಗಲಿಯಲ್ಲೇ ಮೈಕು ಹಾಕಿ ‘ಸುಧನ್ವಾರ್ಜುನ’, ‘ಕೃಷ್ಣಸಂಧಾನ’ ಪ್ರಸಂಗಗಳಿಂದ ಹದಿನಾಲ್ಕು ಪದ್ಯ ಹಿಡಿದಿಟ್ಟೆ. ಎರಡು ವರ್ಷ ಕಳೆದ ಮೇಲೆ ಮಾವನ ಗಂಟಲಿಗೆ ಶಸ್ತ್ರಚಿಕಿತ್ಸೆ ಆಯಿತು. ಮಾತು ಉಳಿಯಿತು, ಪದ್ಯ ಹೋಯಿತು. ಆಗ ಆ ಹದಿನಾಲ್ಕು ಪದ್ಯದ ಬೆಲೆ ಮನೆಯವರಿಗೆಲ್ಲ ಒಟ್ಟಿಗೆ ತಿಳಿಯಿತು.

2023ರಲ್ಲಿ ಅವರ ಸಹಸ್ರಚಂದ್ರದರ್ಶನ. ಬಂದವರಿಗೆ ತಾಂಬೂಲದ ಜೊತೆ ಒಂದು ಪೆನ್‌ಡ್ರೈವ್ ಕೊಡಬೇಕು, ಹಾಗೆಯೇ ಫೋನಿನಲ್ಲಿ ಕೇಳುವ ತಾಣಗಳಿಗೂ ಏರಿಸಬೇಕು ಎಂದು ಮಾವನ ಮಗ ನಿಶ್ಚಯಿಸಿದ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವನು. ನಾವಿಬ್ಬರೂ ಒಬ್ಬರನ್ನೊಬ್ಬರು ‘ಭಾವ’ ಎಂದೇ ಕರೆಯುವುದು. ಮಿಕ್ಸಿಂಗ್ ಯಾವುದೋ ಊರಿನ ಸ್ಟುಡಿಯೋದಲ್ಲಿ ಮಾಡಿಸಿದ. ಊರೂ ಬೇಡ, ಹೆಸರೂ ಬೇಡ. ಮಾಸ್ಟರಿಂಗಿಗೆ ಚೆನ್ನೈಯಲ್ಲಿ ಒಬ್ಬರನ್ನು ಗೊತ್ತು ಮಾಡಿದ. ಮಿಕ್ಸ್ ಆಗಿ ಬಂದ ಹದಿನಾಲ್ಕು ಫೈಲನ್ನು ನನಗೆ ಕಳಿಸಿ, “ಭಾವ, ನೀ ಒಂದ್ಸಲ ಕೇಳಿ ಚೆನ್ನೈಗೆ ಕಳ್ಸಿಬಿಡು” ಎಂದ. ಅಂಚೆಪೇದೆಯ ಕೆಲಸ ಎಂದುಕೊಂಡಿದ್ದ ಅವನು. ಅದಕ್ಕೆ ನಾನು ಐದು ವಾರ ತೆಗೆದುಕೊಂಡೆ.

ಮೊದಲು ಹೆಸರಿನ ವಿಷಯ. ಹದಿನಾಲ್ಕರಲ್ಲಿ ಮೂರರ ಹೆಸರು ‘ಫೈನಲ್’. ಒಂದು ‘ಫೈನಲ್ ಎರಡು’. ಇನ್ನೊಂದು ‘ಫೈನಲ್ ನಿಜ’. ಕೊನೆಯದು ಎಂದಮೇಲೆ ಎರಡನೆಯದು ಹೇಗಾಯಿತು, ನಿಜವಾದದ್ದು ಬಂದಮೇಲೆ ಉಳಿದವುಗಳ ಗತಿ ಏನು ಎಂದು ಚೆನ್ನೈಯವರು ಯಾರನ್ನು ಕೇಳಬೇಕು? ಕ್ರಮಸಂಖ್ಯೆ, ಪ್ರಸಂಗ, ರಾಗ, ತಾಳ ಇಷ್ಟನ್ನು ಹೆಸರಿಗೆ ಸೇರಿಸಿ ಹೊಸದಾಗಿ ನಾಮಕರಣ ಮಾಡಿದೆ.

ಆಮೇಲೆ ಕೇಳುವ ಮೊದಲು ನೋಡಿದೆ. ಈಗಿನ ಕಂಪ್ಯೂಟರಿನಲ್ಲಿ ಧ್ವನಿಯ ಚಿತ್ರ ಕಾಣುತ್ತದೆಯಲ್ಲ, ಅದನ್ನು ನೋಡುವುದು ಮೈಮುಟ್ಟಿ ಜ್ವರ ನೋಡಿದ ಹಾಗೆ. ರೋಗ ಗೊತ್ತಾಗುವುದಿಲ್ಲ, ಆದರೆ ಏನೋ ಇದೆ ಎಂಬುದು ಗೊತ್ತಾಗುತ್ತದೆ. ಯಕ್ಷಗಾನದ ಪದ್ಯದ ಚಿತ್ರ ಘಟ್ಟದ ಸಾಲಿನ ಹಾಗೆ ಇರಬೇಕು. ಇಲ್ಲಿ ತಗ್ಗು, ಅಲ್ಲಿ ದಿಬ್ಬ, ಚಂಡೆ ಬಿದ್ದಲ್ಲಿ ಒಂದೊಂದು ಶಿಖರ. ಇದು ಸರಕಾರಿ ಅತಿಥಿಗೃಹದ ಮುಂದೆ ಕತ್ತರಿ ಹಾಕಿದ ಬೇಲಿಯ ಹಾಗಿತ್ತು. ಮೊದಲಿನಿಂದ ಕೊನೆವರೆಗೆ ತಲೆ ಒಂದೇ ಮಟ್ಟ.

ಚಂಡೆ ಕೇಳಿರದವರಿಗಾಗಿ ಎರಡು ಮಾತು. ಬಡಗಿನ ಚಂಡೆಗೆ ಎರಡು ತೆಳು ಕೋಲು. ಪೆಟ್ಟು ಬಿದ್ದ ಕ್ಷಣದಲ್ಲಿ ಸದ್ದು ಆಕಾಶಕ್ಕೆ ಏರುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿದಿರುತ್ತದೆ. ಮಳೆಗಾಲ ಮುಗಿದು ಆಟ ಶುರುವಾದಾಗ ಗುಡ್ಡದಾಚೆಯ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದದ್ದು ಇದೇ ಸದ್ದು. ಅದರ ಜೀವ ಇರುವುದು ಆ ಏರುವ ಮೊದಲ ಚೂರಿನಲ್ಲಿ, ಒಂದು ಸೆಕೆಂಡಿನ ನೂರರಲ್ಲಿ ಒಂದು ಪಾಲೂ ಇಲ್ಲದ ಚೂರಿನಲ್ಲಿ. ಭಾಗವತರ ಸ್ವರ ಇದಕ್ಕೆ ವಿರುದ್ಧ ಜಾತಿಯದು. ನಿಲ್ಲುತ್ತದೆ, ಎಳೆಯುತ್ತದೆ, ಬಾಗುತ್ತದೆ. ಈ ಎರಡರ ನಡುವಿನ ಎತ್ತರದ ಅಂತರ ಬಹಳ. ಆ ಅಂತರವೇ ಯಕ್ಷಗಾನದ ಅರ್ಧ ಸೊಗಸು. ಇಡೀ ಪದ್ಯದಲ್ಲಿ ಸುಮ್ಮನಿದ್ದ ಚಂಡೆ ಯುದ್ಧದ ಮಾತು ಬಂದಾಗ ಒಮ್ಮೆಲೇ ಎದ್ದರೆ ಮುಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಮುದುಕರೂ ಬೆನ್ನು ನೆಟ್ಟಗೆ ಮಾಡುತ್ತಾರೆ.

ಸ್ಟುಡಿಯೋದವರು ಲಿಮಿಟರ್ ಎಂಬ ಉಪಕರಣ ಹಾಕಿದ್ದರು. ಒಂದು ಮಟ್ಟದ ಮೇಲೆ ಏಳುವ ಸದ್ದನ್ನೆಲ್ಲ ಅದು ತಲೆ ಅದುಮುತ್ತದೆ. ಹಾಗೆ ಅದುಮಿ ಉಳಿದದ್ದನ್ನೆಲ್ಲ ಮೇಲೆತ್ತಿದರೆ ಒಟ್ಟು ಸದ್ದು ಜೋರಾಗುತ್ತದೆ. ಚಂಡೆ ಬಿದ್ದಲ್ಲೆಲ್ಲ ಅದುಮಿತ್ತು. ಚಂಡೆ ಡಬ್ಬಿ ಬಡಿದ ಹಾಗೆ ಕೇಳುತ್ತಿತ್ತು, ಮಾತ್ರವಲ್ಲ, ಪ್ರತಿ ಪೆಟ್ಟಿಗೂ ಭಾಗವತರ ಸ್ವರ ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಮುಂದೆ ಬರುತ್ತಿತ್ತು. ಫೋನು ಮಾಡಿದಾಗ ಅಲ್ಲಿನ ಹುಡುಗ ಪಾಪ, ವಿನಯದಿಂದಲೇ ಹೇಳಿದ, “ಎಲ್ಲರೂ ಹಾಗೇ ಕೇಳ್ತಾರೆ ಸರ್. ಜೋರಾಗಿ ಇಲ್ದಿದ್ರೆ ಮಿಕ್ಸ್ ಆಗಿಲ್ಲ ಅಂತಾರೆ.” ಅವನದು ತಪ್ಪೆನ್ನಲಾರೆ. ಗಿರಾಕಿ ಸಿನಿಮಾ ಹಾಡಿನ ಪಕ್ಕ ಇಟ್ಟು ಹೋಲಿಸುತ್ತಾನೆ. ತನ್ನದು ಸಣ್ಣಗೆ ಕೇಳಿದರೆ ಕೊಟ್ಟ ದುಡ್ಡು ನೆನಪಾಗುತ್ತದೆ.

ಈ ಕಾಯಿಲೆ ನಮ್ಮೂರಿನದಲ್ಲ. 2008ರಲ್ಲಿ ಅಮೆರಿಕದ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ ಅಲ್ಲಿನ ಕೇಳುಗರೇ ತಗಾದೆ ತೆಗೆದರು. ಅವೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ಮಕ್ಕಳ ಕಂಪ್ಯೂಟರ್ ಆಟದಲ್ಲಿ ಹೆಚ್ಚು ಜೀವಂತವಾಗಿದ್ದವು, ಸಿಡಿಯಲ್ಲಿ ಒಡೆದು ಕೇಳುತ್ತಿದ್ದವು. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್, ತನ್ನ ಕೈಗೆ ಬರುವ ಮೊದಲೇ ಮಿಕ್ಸುಗಳನ್ನು ಹಾಗೆ ಅದುಮಲಾಗಿತ್ತು ಎಂದು ಒಬ್ಬ ಅಭಿಮಾನಿಗೆ ಬರೆದದ್ದು ಬಹಿರಂಗವಾಯಿತು. ಅಷ್ಟು ದೊಡ್ಡ ತಂಡ, ಅಷ್ಟು ಹೆಸರಾಂತ ಗಿರಣಿ. ಆದರೂ ಅರ್ಧ ಕುಟ್ಟಿದ ಗೋಧಿಯೇ.

ಹಾಗಾದರೆ ಎಷ್ಟು ಜಾಗ ಬಿಡಬೇಕು? ಡಿಜಿಟಲ್ ಲೆಕ್ಕದಲ್ಲಿ ಅತಿ ಎತ್ತರದ ಮಟ್ಟಕ್ಕೆ ಸೊನ್ನೆ ಡೆಸಿಬಲ್ ಎಂದು ಹೆಸರು. ಉಳಿದದ್ದೆಲ್ಲ ಅದರ ಕೆಳಗೆ, ಮೈನಸ್ಸಿನಲ್ಲಿ. ಸೊನ್ನೆ ದಾಟಿದ್ದು ಕತ್ತರಿಸಿ ಹೋಗುತ್ತದೆ. ಮಾಸ್ಟರಿಂಗಿನವರು ಸಾಮಾನ್ಯವಾಗಿ ಮೂರರಿಂದ ಆರು ಡೆಸಿಬಲ್ ಜಾಗ ಬಿಟ್ಟು ಕಳಿಸಿ ಎನ್ನುತ್ತಾರೆ. ಶಾಲೆಯ ಮಕ್ಕಳ ಅಂಗಿ ಹೊಲಿಸುವಾಗ ಒಳಗೆ ಸ್ವಲ್ಪ ಬಟ್ಟೆ ಬಿಡಿ ಎಂದು ದರ್ಜಿಗೆ ಹೇಳುವುದಿಲ್ಲವೇ, ಹಾಗೆ. ಆರು ಎಂಬುದರಲ್ಲಿ ಮಂತ್ರಶಕ್ತಿಯೇನೂ ಇಲ್ಲ. 24 ಬಿಟ್ಟಿನ ಫೈಲಿನಲ್ಲಿ ಲೆಕ್ಕದ ಪ್ರಕಾರ ಸುಮಾರು 144 ಡೆಸಿಬಲ್ ಹರವು. ಆರು ಡೆಸಿಬಲ್ ತಗ್ಗಿಸಿದರೆ ಹೋಗುವುದು ಒಂದೇ ಬಿಟ್ಟು. ಇನ್ನೂ 23 ಉಳಿದಿರುತ್ತವೆ. ನಮ್ಮ ಜಗಲಿಯ ಜೀರುಂಡೆಯೊಂದೇ ಅದರಲ್ಲಿ ಎಷ್ಟೋ ಬಿಟ್ಟುಗಳನ್ನು ತಿಂದುಹಾಕಿರುತ್ತದೆ. ಮುಖ್ಯ ಮಾತು ಏನೆಂದರೆ, ಅದುಮಿದ ಫೈಲನ್ನೇ ಆರು ಡೆಸಿಬಲ್ ತಗ್ಗಿಸಿ ‘ಜಾಗ ಬಿಟ್ಟಿದ್ದೇವೆ’ ಎಂದರೆ ಆಗದು. ಬೇಲಿಯನ್ನು ತಗ್ಗಿನಲ್ಲಿ ಇಟ್ಟರೆ ಅದು ಗುಡ್ಡವಾಗುವುದಿಲ್ಲ. ಲಿಮಿಟರನ್ನೇ ತೆಗೆದು ಹೊಸದಾಗಿ ಇಳಿಸಬೇಕು.

ಎರಡನೆಯ ಸಂಗತಿ ಇನ್ನೂ ಸೂಕ್ಷ್ಮ. ಹದಿನಾಲ್ಕೂ ವೇವ್ ಫೈಲುಗಳೇ, ನಾನು ರೆಕಾರ್ಡ್ ಮಾಡಿದ್ದ 24 ಬಿಟ್, 48 ಕಿಲೋಹರ್ಟ್ಸ್ ಎಂದೇ ತೋರಿಸುತ್ತಿದ್ದವು. ಎರಡು ಪದ್ಯಗಳಲ್ಲಿ ಮಾತ್ರ ತಾಳದ ಗುಣ ಬೇರೆ. ಭಾಗವತರ ಕೈಯ ತಾಳ ಕಂಚಿನದು; ತಟ್ಟಿದ ಮೇಲೆ ಅದರ ನಾದ ಒಂದು ಎಳೆಯಾಗಿ ಗಾಳಿಯಲ್ಲಿ ಕರಗಬೇಕು. ಇಲ್ಲಿ ಆ ಎಳೆ ನೀರಿನಲ್ಲಿ ಅದ್ದಿ ತೆಗೆದ ಹಾಗೆ ಗುಳುಗುಳು ಎನ್ನುತ್ತಿತ್ತು. ಸ್ವರಗಳು ಯಾವ ಎತ್ತರದವರೆಗೆ ಹರಡಿವೆ ಎಂದು ತೋರಿಸುವ ಚಿತ್ರ ತೆಗೆದು ನೋಡಿದರೆ, ಉಳಿದ ಹನ್ನೆರಡರಲ್ಲಿ ತಾಳದ ನಾದ 20 ಕಿಲೋಹರ್ಟ್ಸಿನ ಆಚೆಗೂ ತೆಳ್ಳಗೆ ಹೋಗಿದೆ, ಈ ಎರಡರಲ್ಲಿ ಸರಿಯಾಗಿ 16ಕ್ಕೆ ಚಾಕುವಿನಿಂದ ಕೊಯ್ದ ಹಾಗೆ ನಿಂತಿದೆ. ಎಂಪಿ3 ಮಾಡುವಾಗ, ಅದರಲ್ಲೂ 128 ಕಿಲೋಬಿಟ್ಟಿಗೆ ಇಳಿಸುವಾಗ ಆಗುವುದು ಹೀಗೆಯೇ. ಅಂದರೆ ಯಾರೋ ಅವಸರಕ್ಕೆ ಎಂಪಿ3ಯನ್ನೇ ಮತ್ತೆ ವೇವ್ ಮಾಡಿ ಸೇರಿಸಿದ್ದರು. ನೀರು ಬೆರೆಸಿದ ಹಾಲನ್ನು ದೊಡ್ಡ ಪಾತ್ರೆಗೆ ಸುರಿದರೆ ಹಾಲು ಗಟ್ಟಿಯಾಗುವುದಿಲ್ಲ. ನನ್ನ ವಯಸ್ಸಿನ ಕಿವಿಗೆ 16 ಕಿಲೋಹರ್ಟ್ಸ್ ಹೇಗೂ ಕೇಳುವುದಿಲ್ಲ. ಆದರೆ ಎಂಪಿ3 ಕೆಡಿಸುವುದು ಅಲ್ಲಿ ಮಾತ್ರವಲ್ಲ, ಅದರ ಕೆಳಗೂ ಕೆದಕಿರುತ್ತದೆ. ಆ ಗುಳುಗುಳು ನನಗೂ ಕೇಳಿತ್ತು.

ಆರಂಭ ಮತ್ತು ಅಂತ್ಯಗಳ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡಿದೆ. ಅಚ್ಚುಕಟ್ಟಾಗಲಿ ಎಂದು ಸ್ಟುಡಿಯೋದವರು ಪದ್ಯದ ಮೊದಲ ಅಕ್ಷರಕ್ಕೆ ಸರಿಯಾಗಿ ಕತ್ತರಿ ಇಟ್ಟಿದ್ದರು, ಕೊನೆಯ ಪೆಟ್ಟು ಮುಗಿದೊಡನೆ ಸದ್ದನ್ನು ಇಳಿಸಿ ನಿಲ್ಲಿಸಿದ್ದರು. ಮಾಸ್ಟರಿಂಗಿಗೆ ಕೊಡುವಾಗ ಎರಡೂ ಬೇಡ. ಮುಂದೆ ಒಂದೆರಡು ಸೆಕೆಂಡು, ಹಿಂದೆ ಸದ್ದು ಪೂರ್ತಿ ಆರುವವರೆಗೆ ಬಿಡಬೇಕು. ಇಳಿಸುವುದು ಎಲ್ಲಿ ಎನ್ನುವುದು ಎಲ್ಲ ಪದ್ಯಗಳನ್ನೂ ಒಂದರ ಪಕ್ಕ ಒಂದಿಟ್ಟು ಕೇಳಿದ ಮೇಲೆ ನಿರ್ಧಾರವಾಗುವ ಮಾತು. ಪದ್ಯಕ್ಕೆ ಮುಂಚಿನ ಆ ಬರಿದಾದ ಎರಡು ಸೆಕೆಂಡಿನಲ್ಲಿ ನಮ್ಮ ಜಗಲಿ ಇದೆ. ಜೀರುಂಡೆ, ಶ್ರುತಿಪೆಟ್ಟಿಗೆ, ಹಿಂದೆ ಎಲ್ಲೋ 50 ಹರ್ಟ್ಸಿನ ಕರೆಂಟಿನ ಗುಂಯ್ ಎಲ್ಲ ಇದೆ. ಗುಂಯ್ ತೆಗೆಯಬೇಕೆಂದರೂ ಅದು ಒಂಟಿಯಾಗಿ ಸಿಕ್ಕುವ ಜಾಗ ಅದೊಂದೇ.

ಗದ್ದಲ ತೆಗೆಯುವ ತಂತ್ರಗಳು ಈಗ ಬಹಳ ಬಂದಿವೆ. ಒಂದು ಗುಂಡಿ ಒತ್ತಿದರೆ ಜೀರುಂಡೆ ಮಾಯ. ಒತ್ತಿ ನೋಡಿದೆ. ಜೀರುಂಡೆಯ ಜೊತೆಗೆ ತಾಳದ ಎಳೆಯೂ ಹೋಯಿತು, ಮಾವನ ಸ್ವರದ ಅಂಚಿನಲ್ಲಿದ್ದ ಗೊಗ್ಗರು ಹೋಯಿತು. ಆ ಗೊಗ್ಗರು ರಾತ್ರಿಯಿಡೀ ಹಾಡಿದವರ ಗಂಟಲಿನದು, ಅದನ್ನು ತೊಳೆಯುವ ಅಧಿಕಾರ ಯಂತ್ರಕ್ಕೆ ಯಾರು ಕೊಟ್ಟರು? ಏನೂ ತೊಳೆಯದೆ ಕಳಿಸಿ, ಎಲ್ಲಿ ಏನು ಸದ್ದಿದೆ ಎಂದು ನಿಮಿಷ ಸೆಕೆಂಡಿನ ಲೆಕ್ಕದಲ್ಲಿ ಚೀಟಿ ಬರೆದಿಡುವುದು ಎಂದು ತೀರ್ಮಾನಿಸಿದೆ.

ಇನ್ನೊಂದು ಪರೀಕ್ಷೆ ಪುಕ್ಕಟೆಯದು. ಎಡ ಬಲ ಎರಡನ್ನೂ ಸೇರಿಸಿ ಒಂದೇ ಮಾಡಿ ಕೇಳುವುದು. ನಮ್ಮ ಜನ ಕೇಳುವುದು ಹೆಚ್ಚಾಗಿ ಒಂದೇ ಸ್ಪೀಕರಿನ ಫೋನಿನಲ್ಲಿ, ಅದನ್ನೂ ಅಡುಗೆಮನೆಯ ಕಟ್ಟೆಯ ಮೇಲಿಟ್ಟು. ಹಾಗೆ ಸೇರಿಸಿದಾಗ ಮದ್ದಳೆಯ ಗುಂಕಾರ ಮಾಯವಾಗಿ ತೊಗಟೆ ಮಾತ್ರ ಉಳಿಯಿತು. ಜಗಲಿಯ ಎರಡು ಮೂಲೆಗೆ ನಾನಿಟ್ಟಿದ್ದ ಜೋಡಿ ಮೈಕಿನಲ್ಲಿ ಒಂದರ ಅಲೆ ಮಿಕ್ಸಿನಲ್ಲಿ ತಲೆಕೆಳಗಾಗಿತ್ತು. ಒಂದು ಮೇಲೆ ತಳ್ಳುವಾಗ ಇನ್ನೊಂದು ಕೆಳಗೆ ಎಳೆಯುತ್ತಿತ್ತು, ಸೇರಿದರೆ ಸೊನ್ನೆ. ಮೂಲ ಮುದ್ರಣ ತೆಗೆದು ನೋಡಿದೆ, ಅದರಲ್ಲಿ ಸರಿಯಾಗಿಯೇ ಇತ್ತು. ಇದೂ ಪಟ್ಟಿಗೆ ಸೇರಿತು.

ಪಟ್ಟಿ ಕಳಿಸಿದ ಹತ್ತು ದಿನಕ್ಕೆ ಸ್ಟುಡಿಯೋದಿಂದ ಹೊಸ ಫೈಲುಗಳು ಬಂದವು. ಚಂಡೆಯ ಶಿಖರ ಮೈನಸ್ ಐದರ ಆಸುಪಾಸು, ತಲೆಬಾಲ ಎಲ್ಲ ಸರಿ. ಅದೇ ದಿನ ಬೆಂಗಳೂರಿನಿಂದ ಫೋನೂ ಬಂತು.

“ಎಂತ ಭಾವ, ಶಬ್ದವೇ ಇಲ್ಲೆ! ಮೊದ್ಲಿಂದೇ ಚೊಲೋ ಇತ್ತಲಾ.”

ಇದಕ್ಕೆ ಉತ್ತರ ಹೇಳುವುದು ಕಷ್ಟ, ಏಕೆಂದರೆ ಅವನ ಕಿವಿ ಸುಳ್ಳು ಹೇಳುತ್ತಿರಲಿಲ್ಲ. ನಮ್ಮೆಲ್ಲರ ಕಿವಿಯೂ ಹಾಗೆಯೇ. 1933ರಲ್ಲಿ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ತೋರಿಸಿಕೊಟ್ಟ ಪ್ರಕಾರ, ಸದ್ದು ಸಣ್ಣದಾದಾಗ ಕಿವಿಗೆ ಮಂದ್ರ ಸ್ವರಗಳು ಬೇಗ ಸೋರಿಹೋಗುತ್ತವೆ. ಜೋರು ಮಾಡಿದರೆ ತುಂಬಿಕೊಂಡ ಹಾಗಾಗುತ್ತದೆ. ಆದ್ದರಿಂದ ಎರಡು ಮುದ್ರಣ ಹೋಲಿಸುವಾಗ ಒಂದು ಸ್ವಲ್ಪ ಜೋರಾಗಿದ್ದರೆ ಸಾಕು, ಅದೇ ಚೆನ್ನ ಅನ್ನಿಸುತ್ತದೆ. ಗುಣ ತೂಗಬೇಕಾದರೆ ಮೊದಲು ಸದ್ದನ್ನು ಸಮ ಮಾಡಬೇಕು. ಈಗ ಅದಕ್ಕೆ ಲಫ್ಸ್ ಎಂಬ ಅಳತೆ ಇದೆ. ಶಿಖರವನ್ನಲ್ಲ, ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನಿಸುತ್ತದೆ ಎಂಬುದನ್ನು ಅಳೆಯುತ್ತದೆ. ಹಳೆಯದು ಮೈನಸ್ ಒಂಬತ್ತು, ಹೊಸದು ಮೈನಸ್ ಇಪ್ಪತ್ತಮೂರು. ಹಳೆಯದನ್ನು ಹದಿನಾಲ್ಕು ಡೆಸಿಬಲ್ ತಗ್ಗಿಸಿ ಎರಡನ್ನೂ ಸಮ ಮಾಡಿ, ‘ಕ’ ಮತ್ತು ‘ಖ’ ಎಂದು ಮಾತ್ರ ಹೆಸರಿಟ್ಟು ಅವನಿಗೆ ಕಳಿಸಿದೆ. ಫೋನಿನ ಗುಂಡಿ ಎಷ್ಟು ಬೇಕಾದರೂ ಏರಿಸಿಕೋ, ಎರಡಕ್ಕೂ ಒಂದೇ ಅಳತೆ ಇಡು ಎಂದೆ. ಮರುದಿನ ‘ಖ’ ಎಂದು ಒಂದೇ ಅಕ್ಷರದ ಉತ್ತರ ಬಂತು. ಅದು ಹೊಸದು.

ಆದರೂ ಅವನ ಮನಸ್ಸು ಪೂರ್ತಿ ಒಪ್ಪಲಿಲ್ಲ. ಜನ ಕೇಳುವಾಗ ಉಳಿದ ಹಾಡುಗಳ ನಡುವೆ ಇದು ಮಂಕಾಗುವುದಿಲ್ಲವೇ ಎಂದ. ಮಂಕು ಕಳೆಯುವುದು ಚೆನ್ನೈಯವರ ಕೆಲಸ, ಅವರು ಬೇಕಾದಷ್ಟು ಎತ್ತುತ್ತಾರೆ ಎಂದೆ. ಅಲ್ಲದೆ ಆ ತಾಣಗಳೇ ಈಗ ತಕ್ಕಡಿ ಹಿಡಿದು ಕೂತಿವೆ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲವನ್ನೂ ಮೈನಸ್ 14 ಲಫ್ಸಿನ ಹತ್ತಿರಕ್ಕೆ ತಂದು ಕೇಳಿಸುತ್ತದೆ. ಮೈನಸ್ ಒಂಬತ್ತರದು ಅಲ್ಲಿ ಐದು ಡೆಸಿಬಲ್ ಇಳಿದೇ ಕೇಳುತ್ತದೆ. ಚಂಡೆಯ ತಲೆ ಹೋದದ್ದು ಹೋಯಿತು, ಜೋರೂ ದಕ್ಕಲಿಲ್ಲ. ಲೆಕ್ಕ ಬಲ್ಲವನು, ಇದು ಕೇಳಿ ಸುಮ್ಮನಾದ.

ನಾನು ಸುಮ್ಮನಾಗಲಿಲ್ಲ. ಹೊಸ ಫೈಲುಗಳನ್ನು ಒಂದು ವಾರ ಬೇರೆ ಬೇರೆ ಕಡೆ ಕೇಳಿದೆ. ಹೆಡ್‌ಫೋನಿನಲ್ಲಿ ಸೂಕ್ಷ್ಮಗಳು ಸಿಗುತ್ತವೆ, ಹದ ಸಿಗುವುದಿಲ್ಲ. ಹದಕ್ಕೆ ಕಾರು ಒಳ್ಳೆಯದು. ಎಲ್ಲಕ್ಕಿಂತ ಒಳ್ಳೆಯದು ಪಕ್ಕದ ಕೋಣೆ. ಇಲ್ಲಿ ಹಾಡು ಹಾಕಿ, ಬಾಗಿಲು ತೆರೆದಿಟ್ಟು, ಆಚೆ ಹೋಗಿ ಪೇಪರು ಓದುತ್ತ ಕೂರಬೇಕು. ಪದ್ಯದ ಸಾಹಿತ್ಯ ತಿಳಿಯುತ್ತಿದೆಯೇ, ಚಂಡೆ ಬಂದಾಗ ಭಾಗವತರು ಮುಳುಗುತ್ತಾರೆಯೇ ಎಂಬುದು ಗಮನವಿಟ್ಟು ಕೇಳಿದಾಗ ಗೊತ್ತಾಗದಿದ್ದದ್ದು ಅಲ್ಲಿ ಗೊತ್ತಾಗುತ್ತದೆ. ಹನ್ನೊಂದನೆಯ ಪದ್ಯದಲ್ಲಿ ಮುಳುಗುತ್ತಿದ್ದರು. ಅದೊಂದನ್ನು ಮತ್ತೆ ಮಿಕ್ಸ್ ಮಾಡಿಸಿದೆ. ಮಾಸ್ಟರಿಂಗಿನಲ್ಲಿ ಚಂಡೆಯನ್ನು ಬಿಟ್ಟು ಸ್ವರವನ್ನು ಮಾತ್ರ ಎತ್ತುವುದು ದುಸ್ತರ.

ಕೊನೆಗೆ ಮಾವನಿಗೂ ಕೇಳಿಸಬೇಕಾಯಿತು. ನನಗೆ ಅಳುಕಿತ್ತು. ಹಾಡಲಾರದ ಭಾಗವತನ ಎದುರಿಗೆ ಅವನ ಪದ್ಯ ಹಾಕುವುದು ಹೇಗೆ? ಮಾವ ಕವಳದ ಸಂಚಿ ಪಕ್ಕಕ್ಕಿಟ್ಟು, ಗೋಡೆಗೆ ಒರಗಿ ಕುಳಿತರು. ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳದೆ ಒಂದೇ ಪದ್ಯವನ್ನು ಎರಡು ಸಲ ಹಾಕಿದೆ. ಮೊದಲಿನದಕ್ಕೆ ಅರ್ಧದಲ್ಲೇ ಕೈ ಎತ್ತಿದರು.

“ಇದೆಂತ, ಗುಡ್ಡ ಹತ್ತಿ ಬಂದು ಹಾಡ್ದಾಂಗೆ ಇದ್ದಲಾ!”

ನಿಜ. ಐದು ವಾರ ಅಳತೆ ಹಿಡಿದು ಕುಳಿತ ನಾನು ಚಂಡೆಯ ಹಿಂದೆ ಬಿದ್ದಿದ್ದೆ. ಅವರು ಉಸಿರನ್ನು ಹಿಡಿದಿದ್ದರು. ಲಿಮಿಟರು ಶಿಖರ ಅದುಮಿ ತಗ್ಗನ್ನು ಎತ್ತುವಾಗ ಎರಡು ಸಾಲುಗಳ ನಡುವೆ ತೆಗೆದುಕೊಂಡ ಉಸಿರನ್ನೂ ಎತ್ತಿರುತ್ತದೆ. ಸಾಲಿನ ಕೊನೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಉಸಿರು ಕದಿಯುವುದನ್ನು ಗುರುಗಳಿಂದ ಕಲಿತು, ಆಯುಷ್ಯವಿಡೀ ಅದನ್ನು ಬಚ್ಚಿಟ್ಟ ಮನುಷ್ಯನನ್ನು ಯಂತ್ರ ಏದುಸಿರು ಬಿಡುವವನನ್ನಾಗಿ ಮಾಡಿತ್ತು. ಎರಡನೆಯದನ್ನು ಪೂರ್ತಿ ಕೇಳಿದರು. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮುಗಿದ ಮೇಲೆ ಮದ್ದಳೆಯವನು ಒಂದು ಕಡೆ ಅವಸರ ಮಾಡಿದ ಎಂದಷ್ಟೇ ಹೇಳಿ ಸಂಚಿ ಬಿಚ್ಚಿದರು.

ಆ ರಾತ್ರಿಯೇ ಫೈಲುಗಳನ್ನು ಚೆನ್ನೈಗೆ ಕಳಿಸಿದೆ. 24 ಬಿಟ್ಟು, 48 ಕಿಲೋಹರ್ಟ್ಸ್, ರೆಕಾರ್ಡ್ ಆದದ್ದು ಹೇಗೋ ಹಾಗೆಯೇ; ಪೆನ್‌ಡ್ರೈವಿಗೋ ತಾಣಕ್ಕೋ ಬೇಕಾದ ಅಳತೆಗೆ ಇಳಿಸುವುದು ಕಟ್ಟಕಡೆಯ ಹೆಜ್ಜೆ, ಅದು ಅವರದು. ಜೊತೆಗೆ ಪದ್ಯಗಳ ಕ್ರಮ, ಸದ್ದುಗಳ ಚೀಟಿ, ಮತ್ತು ಒಂದು ಸಣ್ಣ ಪತ್ರ. ಯಕ್ಷಗಾನ ಎಂದರೇನು, ಚಂಡೆ ಭಾಗವತರಿಗಿಂತ ಬಹಳ ಜೋರಿರುವುದು ತಪ್ಪಲ್ಲ, ಅದು ಹಾಗೆಯೇ ಇರಬೇಕಾದದ್ದು ಎಂದು ಬರೆದೆ. ಅವರಿಗೆ ಕನ್ನಡ ಬರುವುದಿಲ್ಲ. ಆದರೆ ಕಚೇರಿ ಸಂಗೀತ ಬಲ್ಲವರು.

ನಾಲ್ಕು ದಿನ ಬಿಟ್ಟು ಅವರಿಂದ ಒಂದೇ ಪ್ರಶ್ನೆ ಬಂತು. ಒಂಬತ್ತನೆಯ ಫೈಲಿನಲ್ಲಿ ಪದ್ಯ ಶುರುವಾಗುವ ಮುಂಚೆ ಯಾರೋ ಮೆಲ್ಲಗೆ ‘ಹ್ಞಾಂ’ ಅನ್ನುತ್ತಾರೆ, ಆಮೇಲೆ ಸೂರಿನ ತಗಡಿನ ಮೇಲೆ ಏನೋ ಟಪ್ ಎಂದು ಬೀಳುತ್ತದೆ, ಕತ್ತರಿಸಲೇ? ತಗಡಿನ ಮೇಲೆ ಬಿದ್ದದ್ದು ಅಡಿಕೆ. ‘ಹ್ಞಾಂ’ ಎಂದದ್ದು ಮಾವ, ಮದ್ದಳೆಯವನಿಗೆ. ಅಡಿಕೆ ನಿಮ್ಮಿಷ್ಟ, ‘ಹ್ಞಾಂ’ ಇರಲಿ ಎಂದು ಬರೆದೆ.